ಪ್ರೀಮಿಯಂ ಪೆಟ್ರೋಲ್ ಬೇಕೇ, ಸಾದಾ ಸಾಕೇ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಮನೆಖರ್ಚಿನ ಬಗ್ಗೆ ಏನಾದರೂ ಉಪಯೋಗದ ಮಾತು ಹೇಳಬೇಕೆಂದು ಕೇಳಿದ್ದೀರಿ. ನಾನು ಪೆಟ್ರೋಲನ್ನು ಆರಿಸಿಕೊಂಡಿದ್ದೇನೆ. ನಮ್ಮ ಧಾರಾವಿಯ ಗಲ್ಲಿಗಳಲ್ಲಿ ಕಾರು ನುಗ್ಗುವುದೇ ಕಷ್ಟ. ರಿಕ್ಷಾ, ಟ್ಯಾಕ್ಸಿಗಳು ಹೆಚ್ಚಿನವು ಸಿಎನ್‌ಜಿಯಲ್ಲಿ ಓಡುತ್ತವೆ. ಹಾಗಾಗಿ ನಮ್ಮಲ್ಲಿ ಪೆಟ್ರೋಲ್ ಖರ್ಚು ಎಂದರೆ ಮುಖ್ಯವಾಗಿ ಸ್ಕೂಟರ್, ಬೈಕಿನ ಖರ್ಚು. ಟಿಫಿನ್ ಡಬ್ಬಿ ತಲುಪಿಸುವವರು, ಹೊಲಿದ ಬಟ್ಟೆ ಅಂಗಡಿಗೆ ಕೊಡುವವರು, ಹಪ್ಪಳದ ಆರ್ಡರ್ ಒಯ್ಯುವವರು ಎಲ್ಲರ ಲಾಭದಲ್ಲೂ ಪೆಟ್ರೋಲಿನದೊಂದು ಪಾಲು ಹೋಗುತ್ತದೆ.

ಊರಲ್ಲಿ ಬಂಕ್ ಅನ್ನುತ್ತೇವೆ, ಇಲ್ಲಿ ಪಂಪ್. ಪಂಪಿಗೆ ಹೋದರೆ ಮೊದಲ ಪ್ರಶ್ನೆ: ‘ಸಾದಾ ಹಾಕಲಾ, ಪವರ್ ಹಾಕಲಾ?’ ಕೆಲವೊಮ್ಮೆ ಕೇಳುವುದೂ ಇಲ್ಲ, ದುಬಾರಿಯ ನಳಿಗೆಯನ್ನೇ ತೆಗೆದುಬಿಡುತ್ತಾರೆ. ಹಿಂದೆ ಹಾರ್ನ್ ಹೊಡೆಯುವವರ ಸಾಲಿರುತ್ತದೆ. ನಾವು ಸುಮ್ಮನೆ ತಲೆಯಾಡಿಸುತ್ತೇವೆ. ಆ ತಲೆಯಾಡಿಸುವಿಕೆಗೆ ವರ್ಷಕ್ಕೆ ಎಷ್ಟು ಬೆಲೆ ತೆರುತ್ತೇವೆ ಎಂಬುದೇ ಇವತ್ತಿನ ವಿಷಯ.

ಭಾರತ್ ಪೆಟ್ರೋಲಿಯಂನ ‘ಸ್ಪೀಡ್’ ಬಂದದ್ದು 2002ರಲ್ಲಿ. ಹಿಂದೂಸ್ತಾನ್ ಪೆಟ್ರೋಲಿಯಂನ ‘ಪವರ್’ ಇದೆ. ಇಂಡಿಯನ್ ಆಯಿಲ್‌ನದು ‘ಎಕ್ಸ್‌ಪಿ95’. ಇವುಗಳಲ್ಲಿ ಮೊದಲ ಎರಡು ಕಂಪನಿಗಳ ರಿಫೈನರಿ ನಮಗೆ ದೂರವೇನಲ್ಲ. ಸಾಯನ್ ದಾಟಿ ಚೆಂಬೂರಿಗೆ ಹೋದರೆ ಮಾಹುಲ್‌ನಲ್ಲಿವೆ. 1954–55ರಲ್ಲಿ ಎಸ್ಸೊ ಮತ್ತು ಬರ್ಮಾ ಶೆಲ್ ಕಟ್ಟಿದ ಅವೇ ರಿಫೈನರಿಗಳು ಎಪ್ಪತ್ತರ ದಶಕದಲ್ಲಿ ಸರ್ಕಾರದ ಕೈಗೆ ಬಂದವು.

ಪ್ರೀಮಿಯಂ ಎನ್ನುವಾಗ ಎರಡು ಬೇರೆ ಬೇರೆ ಗುಣಗಳನ್ನು ಒಟ್ಟಿಗೆ ಕಟ್ಟಿ ಮಾರುತ್ತಾರೆ. ಒಂದು ಆಕ್ಟೇನ್, ಇನ್ನೊಂದು ಎಡಿಟಿವ್. ಇವೆರಡನ್ನು ಬಿಡಿಸಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮೊದಲು ಆಕ್ಟೇನ್. ಎಂಜಿನ್ನಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಲ್ಪಡುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟಾಗಲೇ ಅದು ಹೊತ್ತಿಕೊಳ್ಳಬೇಕು. ಅದಕ್ಕಿಂತ ಮೊದಲೇ, ಅಥವಾ ಎಲ್ಲೆಲ್ಲೋ ತಾನಾಗಿ ಹೊತ್ತಿಕೊಂಡರೆ ‘ಟಕ್ ಟಕ್’ ಶಬ್ದ ಬರುತ್ತದೆ, ಎಂಜಿನ್ನಿಗೆ ಪೆಟ್ಟು. ಹಾಗೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಶಕ್ತಿಯೇ ಆಕ್ಟೇನ್ ಸಂಖ್ಯೆ. ಆಕ್ಟೇನ್ ಹೆಚ್ಚು ಎಂದರೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂದಲ್ಲ. ಹೆಚ್ಚು ಒತ್ತಡದ ಎಂಜಿನ್ನಿಗೆ ಅದು ಬೇಕು. ನಮ್ಮ ಸಾಮಾನ್ಯ ಸ್ಕೂಟರಿಗೆ ಬೇಕಿಲ್ಲ.

ಇಲ್ಲೊಂದು ಹೊಸ ಸಂಗತಿಯಿದೆ. ಬಿಎಸ್-2 ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು. ಬಿಎಸ್-6ರಲ್ಲಿ 91 ಆಯಿತು. ಈಗ ಶೇಕಡಾ 20 ಎಥನಾಲ್ ಬೆರೆಸುವುದರಿಂದ 95 ಆಗಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ತಿಳಿಸಿದೆ. ಎಥನಾಲಿನ ಆಕ್ಟೇನ್ ಸುಮಾರು 108 ಇರುವುದೇ ಇದಕ್ಕೆ ಕಾರಣ. ಎಂದರೆ ‘95’ ಎಂಬ ಅಂಕಿಗಾಗಿ ಹೆಚ್ಚು ಹಣ ಕೊಡುವ ಕಾರಣವೇ ಈಗ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಇನ್ನು 2020ರ ಡಿಸೆಂಬರ್‌ನಲ್ಲಿ ಮುಂಬೈ ಸೇರಿ ಹತ್ತು ನಗರಗಳಲ್ಲಿ ಬಂದ ‘ಎಕ್ಸ್‌ಪಿ100’ ದುಬಾರಿ ಕಾರು, ಬೈಕುಗಳಿಗೆ. ಅದು ನಮ್ಮ ಲೆಕ್ಕದ ಹೊರಗೆ.

ಎರಡನೆಯದು ಎಡಿಟಿವ್. ಇದರಲ್ಲಿ ಮುಖ್ಯವಾದದ್ದು ಡಿಟರ್ಜೆಂಟ್, ಎಂದರೆ ತೊಳೆಯುವ ರಾಸಾಯನಿಕ. ಗ್ಯಾಸ್ ಒಲೆಯ ಬರ್ನರಿನ ತೂತುಗಳಲ್ಲಿ ಕೊಳೆ ಕಟ್ಟಿದರೆ ಉರಿ ಹಳದಿಯಾಗಿ, ಪಾತ್ರೆ ಕಪ್ಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಎಂಜಿನ್ನಿನ ಇಂಜೆಕ್ಟರ್ ಮತ್ತು ವಾಲ್ವುಗಳಲ್ಲೂ ಹಾಗೇ ಮಸಿ ಕಟ್ಟುತ್ತದೆ. ಡಿಟರ್ಜೆಂಟ್ ಅದನ್ನು ತಡೆಯುತ್ತದೆ. ಇದು ಬರೀ ಜಾಹೀರಾತಿನ ಮಾತಲ್ಲ. ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ ಪರೀಕ್ಷೆ ಮಾಡಿಸಿತು. ಸುಮಾರು 6,400 ಕಿಲೋಮೀಟರ್ ಓಟಕ್ಕೆ ಸಮನಾದ ಆ ಪರೀಕ್ಷೆಯಲ್ಲಿ, ಹೆಚ್ಚಿನ ಡಿಟರ್ಜೆಂಟ್ ಇರುವ ‘ಟಾಪ್ ಟಿಯರ್’ ಮಟ್ಟದ ಪೆಟ್ರೋಲಿಗಿಂತ ಆ ಮಟ್ಟ ಮುಟ್ಟದ ಪೆಟ್ರೋಲಿನಲ್ಲಿ ಸರಾಸರಿ 19 ಪಟ್ಟು ಹೆಚ್ಚು ಕೊಳೆ ಕಟ್ಟಿತ್ತು. ಅದೇ ಸಂಘ ಅದೇ ವರ್ಷ ಇನ್ನೊಂದು ಮಾತನ್ನೂ ಹೇಳಿತು: ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರಿಗೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದರೆ ಲಾಭವಿಲ್ಲ. ಅಲ್ಲಿ ಟಾಪ್ ಟಿಯರ್ ಕಂಪನಿಗಳು ಸಾದಾ ಪೆಟ್ರೋಲಿಗೂ ಡಿಟರ್ಜೆಂಟ್ ಬೆರೆಸಲೇಬೇಕು. ಆದ್ದರಿಂದ ಡಿಟರ್ಜೆಂಟ್ ಬೇಕೆಂದು ಗ್ರಾಹಕರು ಪ್ರೀಮಿಯಂ ಕೊಳ್ಳಬೇಕಿಲ್ಲ.

ನಮ್ಮಲ್ಲೂ ಅಂಥ ಉದಾಹರಣೆಯಿದೆ. 2021ರ ಅಕ್ಟೋಬರ್‌ನಲ್ಲಿ ನವಿ ಮುಂಬೈನ ನಾವಡೆಯಲ್ಲಿ ಜಿಯೋ-ಬಿಪಿ ತನ್ನ ಮೊದಲ ಪಂಪ್ ತೆರೆದಾಗ, ಎಡಿಟಿವ್ ಬೆರೆಸಿದ ಇಂಧನವನ್ನೇ ಹೆಚ್ಚುವರಿ ಬೆಲೆಯಿಲ್ಲದೆ ಕೊಡುವುದಾಗಿ ಪ್ರಕಟಿಸಿತು. ಜೊತೆಗೆ, ಬ್ರಾಂಡೆಡ್ ಪೆಟ್ರೋಲಿಗೆ ಕೇಂದ್ರದ ಅಬಕಾರಿ ಸುಂಕ ಸಾದಾಕ್ಕಿಂತ ಹೆಚ್ಚು. ನಾವು ಕೊಡುವ ಹೆಚ್ಚಿನ ಹಣವೆಲ್ಲ ತೊಳೆಯುವ ಔಷಧಿಗೇ ಹೋಗುವುದಿಲ್ಲ ಎಂದಾಯಿತು.

ಈಗ ಲೆಕ್ಕ. 2025ರಲ್ಲಿ ಮುಂಬೈಯಲ್ಲಿ ಸಾದಾ ಪೆಟ್ರೋಲ್ ಲೀಟರಿಗೆ ಸುಮಾರು 103 ರೂಪಾಯಿ 50 ಪೈಸೆ. ಪ್ರೀಮಿಯಂಗೆ 7 ರೂಪಾಯಿ ಹೆಚ್ಚು ಎಂದು ಹಿಡಿಯೋಣ. ನಿಮ್ಮ ಪಂಪಿನ ಬೋರ್ಡಿನಲ್ಲಿರುವ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ. ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಡುತ್ತಿದ್ದರೆ, ಈ 7 ರೂಪಾಯಿ ವಾಪಸ್ ಬರಲು ಪ್ರೀಮಿಯಂನಲ್ಲಿ ಅದು 48 ಕೊಡಬೇಕು. ಪ್ರತಿ ಟ್ಯಾಂಕಿನಲ್ಲೂ ಕೊಡಬೇಕು. ಚೆನ್ನಾಗಿ ನೋಡಿಕೊಂಡ ಸ್ಕೂಟರಿನಲ್ಲಿ ಅಷ್ಟು ಏರಿಕೆ ನಿರೀಕ್ಷಿಸುವಂತಿಲ್ಲ. ತಿಂಗಳಿಗೆ 20 ಲೀಟರ್ ಎಂದರೆ 140 ರೂಪಾಯಿ, ವರ್ಷಕ್ಕೆ 1,680. ಮನೆಯಲ್ಲಿ ಎರಡು ಗಾಡಿ ಇದ್ದರೆ 3,360. ಮಗುವಿನ ಪುಸ್ತಕ, ಯೂನಿಫಾರ್ಮಿನ ಖರ್ಚಿಗೆ ಇದು ಆದೀತು.

‘ಎಥನಾಲಿನಿಂದ ಮೈಲೇಜ್ ಕಡಿಮೆಯಾಗಿದೆ, ಅದಕ್ಕೇ ಪ್ರೀಮಿಯಂ ಹಾಕಿಸ್ತೀನಿ’ ಎನ್ನುವವರಿದ್ದಾರೆ. ಎಥನಾಲಿನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಆದರೆ ಪ್ರೀಮಿಯಂ ಎಂದ ಮಾತ್ರಕ್ಕೆ ಎಥನಾಲ್ ಇಲ್ಲ ಎಂದರ್ಥವಲ್ಲ. ಡಿಟರ್ಜೆಂಟ್ ಕೊಳೆ ತೊಳೆಯುತ್ತದೆ, ಕಡಿಮೆಯಾದ ಶಕ್ತಿಯನ್ನು ತುಂಬಿಕೊಡುವುದಿಲ್ಲ.

ಹಾಗಾದರೆ ಪ್ರೀಮಿಯಂ ಯಾರಿಗೆ? ಗಾಡಿಯ ಮ್ಯಾನ್ಯುಯಲ್ ಪುಸ್ತಕದಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಹತ್ತಿರ ಎಷ್ಟು ಆಕ್ಟೇನ್ ಬೇಕು ಎಂದು ಬರೆದಿರುತ್ತದೆ. ಅದು 95ಕ್ಕಿಂತ ಹೆಚ್ಚು ಕೇಳಿದರೆ ಹಾಕಿಸಲೇಬೇಕು, ಅಲ್ಲಿ ಜಿಪುಣತನ ಬೇಡ. 90 ಫೀಟ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಒಂದೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಮಸಿ ಬೇಗ ಕಟ್ಟುತ್ತದೆ. ಅಂಥವರು ಆಗೊಮ್ಮೆ ಈಗೊಮ್ಮೆ ಒಂದು ಟ್ಯಾಂಕ್ ಪ್ರೀಮಿಯಂ ಹಾಕಿಸಿದರೆ ತಪ್ಪಿಲ್ಲ. ಸಾದಾ ಜೊತೆ ಬೆರೆತರೂ ತೊಂದರೆಯಿಲ್ಲ. ಸ್ಟಾರ್ಟ್ ಆಗಲು ತಕರಾರು ಮಾಡುವ ಹಳೆಯ ಗಾಡಿಯನ್ನು ಮಾತ್ರ ಮೊದಲು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ರೋಗ ಪ್ಲಗ್ಗಿನಲ್ಲೋ ಏರ್ ಫಿಲ್ಟರಿನಲ್ಲೋ ಇದ್ದರೆ ಪೆಟ್ರೋಲ್ ಬದಲಾಯಿಸಿ ಪ್ರಯೋಜನವಿಲ್ಲ.

ಉಳಿದ ನಾವೆಲ್ಲ ಆ ಹಣವನ್ನು ಟೈರಿನ ಗಾಳಿ, ಏರ್ ಫಿಲ್ಟರ್, ಹೊತ್ತಿಗೆ ಸರಿಯಾದ ಆಯಿಲ್ ಬದಲಾವಣೆಗೆ ಹಾಕೋಣ. ಪಂಪಿನಲ್ಲಿ ನಳಿಗೆ ಎತ್ತುವ ಮೊದಲೇ ‘ಸಾದಾ’ ಎಂದು ಗಟ್ಟಿಯಾಗಿ ಹೇಳೋಣ, ಮೀಟರ್ ಸೊನ್ನೆಯಲ್ಲಿದೆಯೇ ನೋಡೋಣ. ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮಾಪನ ಪಾತ್ರೆಯಲ್ಲಿ ಅಳೆದು ತೋರಿಸಿ ಎನ್ನಬಹುದು. ಶುದ್ಧತೆಯ ಮೇಲೆ ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಬಹುದು. ಇವೆರಡನ್ನೂ ಪಂಪಿನವರು ಇಟ್ಟುಕೊಂಡಿರಲೇಬೇಕು, ಕೇಳುವುದು ನಮ್ಮ ಹಕ್ಕು.

ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಪಂಪಿನಲ್ಲಿ ಮಾತ್ರ ಸಂಕೋಚಪಡುತ್ತೇವೆ. ಎಂಜಿನ್ನಿನ ವಿಷಯ ಗಂಡಸರಿಗೇ ಗೊತ್ತು ಎಂಬ ಭಾವನೆ ಅದಕ್ಕೆ ಕಾರಣವಾಗಿದ್ದರೆ, ಇವತ್ತೇ ಅದನ್ನು ಬಿಟ್ಟುಬಿಡೋಣ. ಬರ್ನರ್ ಯಾವಾಗ ತೊಳೆಯಬೇಕು ಎಂದು ಗೊತ್ತಿರುವವರಿಗೆ ಇದೂ ಗೊತ್ತಾಗುತ್ತದೆ.