ಡಿಸ್ಕ್ ಬದಲಿಸಬೇಕಾ, ಲೇತ್ ಹೊಡೆಸಿದರೆ ಸಾಕಾ? ಮೊದಲು ನಂಬರ್ ಕೇಳಿ



ಇವತ್ತು ನಾನು ಮಾತಾಡೋಕೆ ಬಂದಿರೋದು ಒಂದು ಕಬ್ಬಿಣದ ತಟ್ಟೆ ಬಗ್ಗೆ. ನಿಮ್ಮ ಕಾರಿನ ಮುಂದಿನ ಎರಡು ಚಕ್ರಗಳ ಒಳಗೆ ಒಂದೊಂದು ಇರುತ್ತೆ. ಅಮೆರಿಕದ ವಿಡಿಯೊಗಳಲ್ಲಿ ಇದಕ್ಕೆ ‘ರೋಟರ್’ ಅಂತಾರೆ. ನಮ್ಮ ಗ್ಯಾರೇಜುಗಳಲ್ಲಿ, ಅದು ಬೆಂಗಳೂರಿರಲಿ, ಪುಣೆಯಿರಲಿ, ‘ಡಿಸ್ಕ್’ ಅಥವಾ ‘ಡಿಸ್ಕ್ ಪ್ಲೇಟ್’. ನಾನೂ ಡಿಸ್ಕ್ ಅಂತಲೇ ಹೇಳ್ತೀನಿ.

ನನ್ನ ಪರಿಚಯ ಎರಡೇ ಮಾತಲ್ಲಿ. ನಿಮ್ಮಲ್ಲಿ ಅನೇಕರ ಹಾಗೆ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದವನು. ಊರು ಹುಬ್ಬಳ್ಳಿ, ಈಗ ಪುಣೆ. ಐಟಿಗೆ ಬರೋ ಮುಂಚೆ ಮೂರು ವರ್ಷ ಬ್ರೇಕ್ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಅಲ್ಲಿ ಕಲಿತದ್ದರಲ್ಲಿ ನಿಮಗೆ ನಾಳೆಯೇ ಉಪಯೋಗಕ್ಕೆ ಬರೋದನ್ನ ಮಾತ್ರ ಇಲ್ಲಿ ಹೇಳ್ತೀನಿ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಕಾರನ್ನ ಸರ್ವಿಸಿಗೆ ಬಿಟ್ಟು ಆಫೀಸಿಗೆ ಬಂದಿದ್ದೀರಿ. ಮೀಟಿಂಗ್ ನಡೆಯುವಾಗ ಫೋನ್ ಬರುತ್ತೆ: “ಸರ್, ಮುಂದಿನ ಡಿಸ್ಕ್ ಹೋಗಿದೆ, ಎರಡೂ ಚೇಂಜ್ ಮಾಡಬೇಕು, ಮಾಡ್ಲಾ?” ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ನೀವು ಮ್ಯೂಟ್ ಹಾಕಿಕೊಂಡು, ಬ್ರೇಕಿನ ವಿಷಯ ಅಲ್ವಾ ಅಂತ “ಮಾಡಿ” ಅಂದುಬಿಡ್ತೀರಿ. ಇದರ ಉಲ್ಟಾ ಕೂಡ ಇದೆ. ರಸ್ತೆ ಬದಿಯ ಗ್ಯಾರೇಜಿನವರು “ಹೊಸದು ಯಾಕೆ ಸರ್, ಲೇತ್ ಹೊಡೆಸಿ ಕೊಡ್ತೀನಿ, ಹೊಸದರ ಥರಾನೇ ಆಗುತ್ತೆ” ಅಂತಾರೆ. ದುಡ್ಡು ಉಳಿಯಿತು ಅಂತ ಅದಕ್ಕೂ ಒಪ್ಪಿಬಿಡ್ತೀರಿ. ಮೊದಲನೆಯದರಲ್ಲಿ ದುಡ್ಡು ದಂಡ ಆಗಿರಬಹುದು. ಎರಡನೆಯದರಲ್ಲಿ ಇನ್ನೂ ದೊಡ್ಡದೇನೋ ಪಣಕ್ಕಿಟ್ಟಿರಬಹುದು. ಎರಡೂ ಕಡೆ ಕಾಣೆಯಾಗಿರೋದು ಒಂದೇ ವಸ್ತು: ಒಂದು ನಂಬರ್.

ಆ ನಂಬರ್ ಎಲ್ಲಿದೆ? ಡಿಸ್ಕಿನ ಮೇಲೇ ಇದೆ. ಅಂಚಿನಲ್ಲೋ, ನಡುವಿನ ಟೋಪಿಯಂಥ ಭಾಗದಲ್ಲೋ ‘ಮಿನ್ ಟಿಎಚ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತೆ, ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕ. ಕನಿಷ್ಠ ದಪ್ಪ ಅಂತ ಅರ್ಥ. ತುಕ್ಕು ಹಿಡಿದು ಅಳಿಸಿಹೋಗಿದ್ದರೆ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. ಉದಾಹರಣೆಗೆ ಹೊಸದಾಗಿದ್ದಾಗ 22 ಮಿಮೀ ಇರೋ ಡಿಸ್ಕಿಗೆ ಕನಿಷ್ಠ 20 ಮಿಮೀ ಅಂತಿರಬಹುದು. ಅಂದರೆ ಅದರ ಇಡೀ ಆಯುಷ್ಯ ಈ 2 ಮಿಲಿಮೀಟರಿನಲ್ಲಿದೆ. ನಿಮ್ಮ ಕಾರಿನದು ಬೇರೆ ಇರಬಹುದು, ನನ್ನ ಉದಾಹರಣೆಯನ್ನ ನಿಮ್ಮ ಕಾರಿಗೆ ಅಂಟಿಸಬೇಡಿ.

ದಪ್ಪ ಕಡಿಮೆಯಾದರೆ ಏನಾಗುತ್ತೆ? ಬ್ರೇಕ್ ಅಂದರೆ ಓಟವನ್ನ ಬಿಸಿಯಾಗಿ ಬದಲಿಸೋ ಯಂತ್ರ. ಆ ಬಿಸಿಯನ್ನ ಮೊದಲು ನುಂಗೋದು ಡಿಸ್ಕ್, ಆಮೇಲೆ ನಿಧಾನವಾಗಿ ಗಾಳಿಗೆ ಬಿಡುತ್ತೆ. ತಟ್ಟೆ ತೆಳುವಾದಷ್ಟೂ ಅಷ್ಟೇ ಬಿಸಿಗೆ ಹೆಚ್ಚು ಕಾಯುತ್ತೆ. ದೋಸೆ ಹೆಂಚಿಗೂ ತೆಳು ಬಾಣಲೆಗೂ ಇರೋ ವ್ಯತ್ಯಾಸ ಇದೇ. ಅತಿಯಾಗಿ ಕಾದರೆ ಪ್ಯಾಡಿನ ಹಿಡಿತ ಕಡಿಮೆಯಾಗುತ್ತೆ, ಡಿಸ್ಕ್ ಬಿರುಕು ಬಿಡಬಹುದು, ಹಳೆಯ ಬ್ರೇಕ್ ಆಯಿಲ್ ಕುದಿಯಬಹುದು. ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ.

ಈಗ ನಮ್ಮ ದಾರಿಗಳನ್ನ ನೋಡಿ. ಹೈದರಾಬಾದಿನಿಂದ ಬೆಂಗಳೂರಿಗೆ ಬರೋರಿಗೆ ಉದ್ದಕ್ಕೂ ನೇರ ಹೈವೇ, ಘಾಟಿ ಇಲ್ಲ. ಮುಂಬೈಯವರ ಕಥೆ ಬೇರೆ. ಹಬ್ಬಕ್ಕೆ ಊರಿಗೆ ಹೊರಟಾಗ ಖಂಡಾಲಾ ಘಾಟ್ ಹತ್ತುತ್ತೀರಿ. ವಾಪಸ್ ಬರುವಾಗ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ, ಒಂದು ಮೂಟೆ ಅಕ್ಕಿ, ನಾಲ್ಕು ಜನ, ಎಲ್ಲ ತುಂಬಿಕೊಂಡು ಅದೇ ಘಾಟ್ ಇಳಿಯುತ್ತೀರಿ. ಲೋಣಾವಳದಿಂದ ಖೋಪೋಲಿಗೆ ಸುಮಾರು 500 ಮೀಟರ್ ಎತ್ತರದ ಇಳಿತ. ಲೆಕ್ಕ ಹಾಕಿದರೆ, ಇಷ್ಟು ಇಳಿಯೋದರಲ್ಲಿ ಬಿಡುಗಡೆಯಾಗೋ ಶಕ್ತಿ, ಅದೇ ಕಾರನ್ನ 100 ಕಿಮೀ ವೇಗದಿಂದ ಪೂರ್ತಿ ನಿಲ್ಲಿಸೋದನ್ನ 12-13 ಸಲ ಮಾಡಿದಷ್ಟು. ಒಂದಿಷ್ಟನ್ನ ಗಾಳಿ, ಟೈರು ತಿನ್ನುತ್ತವೆ. ಕೆಳ ಗೇರಿನಲ್ಲಿದ್ದರೆ ಎಂಜಿನ್ ದೊಡ್ಡ ಪಾಲು ಹೊರುತ್ತೆ. ನ್ಯೂಟ್ರಲ್‌ನಲ್ಲಿ ಇಳಿದರೆ ಮಿಕ್ಕಿದ್ದೆಲ್ಲ ಆ ಎರಡು ತಟ್ಟೆ ಮತ್ತು ಹಿಂದಿನ ಬ್ರೇಕಿನ ತಲೆಗೆ. ಪುಣೆಯವರಿಗೆ ಕಾತ್ರಜ್ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯೋ ಇಳಿಜಾರು ಗೊತ್ತೇ ಇದೆ. ಅಲ್ಲಿ ಲಾರಿಗಳ ಬ್ರೇಕ್ ಫೇಲ್ ಸುದ್ದಿ ಎಷ್ಟು ಸಲ ಓದಿಲ್ಲ? ಊರ ಕಡೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಿಗೂ ಇದೇ ಲೆಕ್ಕ.

ಸರಿ, ನೀವೇ ಏನು ನೋಡಬಹುದು? ಚಕ್ರ ಬಿಚ್ಚಬೇಕಿಲ್ಲ. ಕಾರು ಪೂರ್ತಿ ತಣ್ಣಗಿರುವಾಗ ಅಲಾಯ್ ವೀಲ್ ಸಂದಿಯಿಂದ ಮೊಬೈಲ್ ಟಾರ್ಚ್ ಬಿಡಿ. ಮಳೆ ಬಂದ ಮರುದಿನ ಕಿತ್ತಳೆ ಬಣ್ಣದ ತೆಳು ತುಕ್ಕು ಕಂಡರೆ ಗಾಬರಿ ಬೇಡ. ಡಿಸ್ಕ್ ಬೀಡು ಕಬ್ಬಿಣದ್ದು, ಒಂದು ರಾತ್ರಿಗೇ ತುಕ್ಕು ಹಿಡಿಯುತ್ತೆ, ನಾಲ್ಕೈದು ಬ್ರೇಕಿಗೆ ಹೋಗುತ್ತೆ. ಆದರೆ ವರ್ಕ್ ಫ್ರಮ್ ಹೋಮ್ ಅಂತ ಚೆನ್ನೈಯಲ್ಲೋ ಮುಂಬೈಯಲ್ಲೋ ಸಮುದ್ರದ ಗಾಳಿಗೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ತುಕ್ಕು ಗುಳಿ ಬೀಳಿಸುತ್ತೆ, ಪ್ಯಾಡ್ ಕೂತ ಜಾಗದ ಅಚ್ಚು ಮೂಡುತ್ತೆ. ಎಲೆಕ್ಟ್ರಿಕ್ ಕಾರಿನವರೂ ಗಮನಿಸಿ. ಅರ್ಧಕ್ಕರ್ಧ ಬ್ರೇಕಿಂಗ್ ಮೋಟಾರೇ ಮಾಡಿಬಿಡೋದರಿಂದ ಡಿಸ್ಕ್ ಸವೆಯೋಕಿಂತ ತುಕ್ಕಿನಿಂದ ಹಾಳಾಗೋದು ಜಾಸ್ತಿ.

ಅಂಚಿನಲ್ಲಿ ಪ್ಯಾಡ್ ತಾಗದ ಜಾಗದಲ್ಲಿ ಒಂದು ದಿಣ್ಣೆ ಉಳಿಯುತ್ತೆ. ಉಗುರಿಗೆ ಅದು ಚೆನ್ನಾಗಿ ಸಿಕ್ಕಿದರೆ ಡಿಸ್ಕ್ ಸವೆದಿದೆ, ಅಳತೆ ತಗೊಳ್ಳೋ ಹೊತ್ತಾಯ್ತು ಅಂತ. ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೆರೆ ಸಹಜ. ಉಗುರು ಸಿಕ್ಕಿಬೀಳೋ ಆಳದ ಗೀರು ಸಹಜ ಅಲ್ಲ. ನೀಲಿ ಕಲೆ ಇದ್ದರೆ ಅತಿಯಾಗಿ ಕಾದಿದೆ. ಅಂಚಿನವರೆಗೆ ಹೋದ ಬಿರುಕು ಕಂಡರೆ ಯೋಚನೆ ಬೇಡ, ಬದಲಿಸಲೇಬೇಕು. ಇನ್ನೊಂದು ಮಾತು, ನಿಮಗೆ ಕಾಣೋದು ಹೊರಮೈ ಮಾತ್ರ. ಕ್ಯಾಲಿಪರಿನ ಪಿನ್ ಬಿಗಿದುಕೊಂಡಿದ್ದರೆ ಒಳಗಿನ ಪ್ಯಾಡ್ ಒಂದೇ ತೇಯುತ್ತಾ ಹೋಗಿ ಒಳಮೈ ಕೆಟ್ಟಿರುತ್ತೆ. ಸರ್ವಿಸಿನಲ್ಲಿ ಎರಡೂ ಮೈಯ ಫೋಟೊ ಕೇಳಿ.

ಇನ್ನು ಕಾರು ಹೇಳೋ ಮಾತು. ಹೈವೇಯಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಮೇಲೆ ಅನುಮಾನ ಪಡಿ. ಬ್ರೇಕ್ ಒತ್ತದಿದ್ದರೂ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಟಕಟಕ ಅಂದರೆ ಅದು ಎಬಿಎಸ್ ಕೆಲಸ ಮಾಡ್ತಿರೋದು, ದೋಷ ಅಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಗರಗರ ಸದ್ದು ಬಂದರೆ ಪ್ಯಾಡ್ ಮುಗಿದಿದೆ, ಅವತ್ತೇ ಗ್ಯಾರೇಜಿಗೆ ಹೋಗಿ.

ಆ ನಡುಕಕ್ಕೆ ಎಲ್ಲರೂ “ಡಿಸ್ಕ್ ಬೆಂಡ್ ಆಗಿದೆ” ಅಂತಾರೆ. ಹೆಚ್ಚಿನ ಸಲ ಅದು ಹಪ್ಪಳದ ಹಾಗೆ ಸೊಟ್ಟಗಾಗಿರಲ್ಲ. ಡಿಸ್ಕ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತೆ, ಇಲ್ಲಾಂದ್ರೆ ಪ್ಯಾಡಿನ ಪದಾರ್ಥ ಅಲ್ಲಲ್ಲಿ ಮೆತ್ತಿಕೊಂಡಿರುತ್ತೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ವ್ಯತ್ಯಾಸ ಇದ್ದರೂ ಕಾಲಿಗೆ ಗೊತ್ತಾಗಬಹುದು. ಇದು ಶುರುವಾಗೋದು ಬಹಳ ಸಲ ಡಿಸ್ಕ್ ಕೂರೋ ಹಬ್ಬಿನಿಂದ. ಹಬ್ಬಿನ ಮುಖದ ಮೇಲೆ ತುಕ್ಕಿನ ಚಕ್ಕೆ ಇದ್ದರೆ, ಅಥವಾ ವೀಲ್ ನಟ್‌ಗಳನ್ನ ಗನ್ನಿನಲ್ಲಿ ಒಂದು ಬಿಗಿ ಒಂದು ಸಡಿಲ ಹಾಕಿದ್ದರೆ, ಡಿಸ್ಕ್ ತಿರುಗುವಾಗ ಸ್ವಲ್ಪ ಓಲಾಡುತ್ತೆ. ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡಿಗೆ ತಾಗುತ್ತಾ ಕೆಲವು ಸಾವಿರ ಕಿಲೋಮೀಟರಿನಲ್ಲಿ ಅಲ್ಲಿ ತೆಳುವಾಗುತ್ತೆ. ಅದಕ್ಕೇ ಹಬ್ ಉಜ್ಜದೆ ಹೊಸ ಡಿಸ್ಕ್ ಹಾಕಿದವರಿಗೆ ಕೆಲವು ತಿಂಗಳಲ್ಲೇ ನಡುಕ ವಾಪಸ್ ಬರುತ್ತೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಬಗ್ ಹಬ್ಬಿನಲ್ಲಿದೆ, ನೀವು ಡಿಸ್ಕ್ ಮೇಲೆ ಟಿಕೆಟ್ ಕ್ಲೋಸ್ ಮಾಡಿದ್ದೀರಿ.

ಅಳತೆ ಹೇಗಿರಬೇಕು? ಮೈಕ್ರೋಮೀಟರಿನಲ್ಲಿ, ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಎಂಟು ಜಾಗದಲ್ಲಿ. ಸಾದಾ ವರ್ನಿಯರ್ ಹಿಡಿದರೆ ಅದು ಅಂಚಿನ ದಿಣ್ಣೆ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತೆ. ಎಂಟರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ನಂಬರ್. ಓಲಾಟ ನೋಡೋಕೆ ಡಯಲ್ ಗೇಜ್ ಇರುತ್ತೆ.

ಈಗ ತೀರ್ಮಾನ. ಲೇತ್ ಹೊಡೆಸೋದು ಅಂದರೆ ಎರಡೂ ಮೈಯಿಂದ ತೆಳು ಪದರ ಕೆತ್ತಿ ಸಮ ಮಾಡೋದು. ಹಿಂದಿ ಬಲ್ಲ ಗ್ಯಾರೇಜಿನಲ್ಲಿ ‘ಡಿಸ್ಕ್ ಫೇಸಿಂಗ್’ ಅಥವಾ ‘ಸ್ಕಿಮ್ಮಿಂಗ್’ ಅಂದರೆ ಅರ್ಥವಾಗುತ್ತೆ. ಖರ್ಚು ಹೊಸ ಜೋಡಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ಅದೇ 22-20ರ ಉದಾಹರಣೆ ತಗೊಳ್ಳಿ. ಅಳೆದಾಗ 21.4 ಬಂತು, ಮೈಗೆ 0.2ರಂತೆ ಕೆತ್ತಿದರೆ 21.0 ಉಳೀತು. ಇನ್ನೂ 1 ಮಿಮೀ ಆಯುಷ್ಯ ಇದೆ, ಧಾರಾಳವಾಗಿ ಲೇತ್ ಹೊಡೆಸಿ. ಅಳೆದಾಗ 20.5 ಬಂತು ಅಂದ್ಕೊಳ್ಳಿ. ಕೆತ್ತಿದ ಮೇಲೆ 20.1. ಕಾಗದದ ಮೇಲೆ ಪಾಸ್, ಆದರೆ ಹೊಸ ಪ್ಯಾಡ್ ಸವೆಯೋ ಮೊದಲೇ ಡಿಸ್ಕ್ ಗಡಿ ದಾಟುತ್ತೆ. ಅದನ್ನ ಬದಲಿಸಿ. 20.2 ಇದ್ದರೆ ಲೇತ್ ಮಾತೇ ಎತ್ತಬೇಡಿ. ಮತ್ತೆ, 21.4 ಇದ್ದು, ಮೈ ನಯವಾಗಿದ್ದು, ನಡುಕವೂ ಇಲ್ಲದಿದ್ದರೆ ಏನೂ ಮಾಡಿಸಬೇಡಿ, ಪ್ಯಾಡ್ ಮಾತ್ರ ಹಾಕಿಸಿ. ಈ ಮೂರನೇ ಆಯ್ಕೆಯನ್ನ ನಿಮಗೆ ಫೋನಿನಲ್ಲಿ ಹೇಳೋರು ಕಡಿಮೆ.

ಬದಲಿಸೋದೇ ಆದರೆ ಎಡ-ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲಾಂದ್ರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯಬಹುದು. ಹೊಸ ಡಿಸ್ಕಿಗೆ ಹೊಸ ಪ್ಯಾಡೇ ಇರಲಿ. ತುಕ್ಕು ಹಿಡಿಯದಿರಲಿ ಅಂತ ಹಚ್ಚಿರೋ ಎಣ್ಣೆಯನ್ನ ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಸಿ. ಹಬ್ಬಿನ ಮುಖವನ್ನ ವೈರ್ ಬ್ರಷ್‌ನಲ್ಲಿ ಉಜ್ಜಿಸಿ. ಕ್ಯಾಲಿಪರನ್ನ ರಬ್ಬರ್ ಹೋಸ್‌ಗೆ ನೇತುಹಾಕಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ ಅನ್ನಿ. ನಟ್‌ಗಳನ್ನ ಕೊನೆಗೆ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ ಬಿಗಿಸಲಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಅದನ್ನೂ ಮಾಡಿಸಿ. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ಆಯಿಲಿಗೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155.

ಗ್ಯಾರೇಜಿನಿಂದ ಹೊರಬಂದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ, ಪೂರ್ತಿ ನಿಲ್ಲಿಸದೆ, ಎಂಟ್ಹತ್ತು ಸಲ ಬ್ರೇಕ್ ಹಾಕಿ. ಆಮೇಲೆ ಕೆಲವು ಕಿಲೋಮೀಟರ್ ಬ್ರೇಕ್ ಒತ್ತದೆ ಓಡಿಸಿ ತಣ್ಣಗಾಗಲು ಬಿಡಿ. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳೋದು ಹೀಗೆ. ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ತೀರಾ ಅಗತ್ಯ ಬಿದ್ದರೆ ಹೊರತು ಗಕ್ಕನೆ ಬ್ರೇಕ್ ಬೇಡ. ಅಂದರೆ ಈ ಕೆಲಸವನ್ನ ಊರಿಗೆ ಹೊರಡೋ ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮೊದಲೇ ಮುಗಿಸಿ.

ಮುಂದಿನ ಸಲ ಆ ಫೋನ್ ಬಂದಾಗ ಮೂರು ಪ್ರಶ್ನೆ ಕೇಳಿ. ಪುಣೆಯಲ್ಲಿ ‘ದಾದಾ’ ಅಂತಲೋ, ಚೆನ್ನೈಯಲ್ಲಿ ‘ಅಣ್ಣಾ’ ಅಂತಲೋ, ದಿಲ್ಲಿಯಲ್ಲಿ ‘ಭಯ್ಯಾ’ ಅಂತಲೋ ಮರ್ಯಾದೆಯಿಂದಲೇ ಕೇಳಿ. ಡಿಸ್ಕ್ ಮೇಲೆ ಬರೆದಿರೋ ಕನಿಷ್ಠ ದಪ್ಪ ಎಷ್ಟು? ನೀವು ಅಳೆದಾಗ ಎಷ್ಟು ಬಂತು? ಎರಡೂ ಕಾಣೋ ಹಾಗೆ ಒಂದು ಫೋಟೊ ವಾಟ್ಸಾಪ್ ಮಾಡ್ತೀರಾ? ಒಳ್ಳೆ ಮೆಕ್ಯಾನಿಕ್‌ಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ, ಕೇಳೋರು ಸಿಕ್ಕಿದರಲ್ಲ ಅಂತ ಖುಷಿನೇ ಆಗುತ್ತೆ. ಉತ್ತರ ಬರೋವರೆಗೆ “ಮಾಡಿ” ಅನ್ನಬೇಡಿ, “ಬೇಡ” ಅಂತಲೂ ಅನ್ನಬೇಡಿ.

ಘಾಟ್ ಇಳಿಯುವಾಗ ಗೇರ್ ಕೆಳಗಿರಲಿ.