ಸೂಜಿಯ ತುದಿಯ ಶಾಯಿ, ಕಾರ್ಡಿನ ಕಪ್ಪು ಪಟ್ಟಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾವು ಇಲ್ಲಿ ಓದುವಾಗ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚಾಗುತ್ತಿತ್ತು. ಹಾಳೆಗಿಂತ ಹೆಚ್ಚು ಮಸಿ ಮೇಷ್ಟ್ರ ಕೈಗೇ ಆಗುತ್ತಿತ್ತು. ಇಂದು ಆಫೀಸು ಕೋಣೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇದೆ, ನಮ್ಮೆಲ್ಲರ ಜೇಬಿನಲ್ಲಿ ಎಟಿಎಂ ಕಾರ್ಡ್ ಇದೆ. ಇವೆರಡರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಶಾಯಿಯನ್ನು ಚಿಮ್ಮಿಸಿ ಬರೆಯುವ ಯೋಚನೆ ಹಳೆಯದು. ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಇಂಥ ಬರೆಯುವ ಉಪಕರಣಕ್ಕೆ 1951ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1958ರಲ್ಲಿ ಮನುಷ್ಯನ ದೇಹದೊಳಗೆ ಮೊದಲ ಬಾರಿಗೆ ಅಳವಡಿಸಿದ ಪೇಸ್‌ಮೇಕರ್ ಮಾಡಿದವರೂ ಇವರೇ.

ಮನೆಮನೆಯ ಪ್ರಿಂಟರಿಗೆ ದಾರಿಯಾದದ್ದು ಒಂದು ಆಕಸ್ಮಿಕ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಬಿಸಿಯಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ತುದಿಯಿಂದ ಶಾಯಿ ಚಿಮ್ಮಿತು. ಇಚಿರೊ ಎಂಡೊ ಅದನ್ನು ಒರೆಸಿ ಸುಮ್ಮನಾಗಲಿಲ್ಲ, ಏಕೆ ಚಿಮ್ಮಿತೆಂದು ಯೋಚಿಸಿದರು. ಬಿಸಿಗೆ ಶಾಯಿಯೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ಮುಂದಿನ ಶಾಯಿಯನ್ನು ಹೊರಗೆ ದೂಡುತ್ತದೆ. ಕೂದಲಿಗಿಂತ ಸಣ್ಣ ರಂಧ್ರದ ಹಿಂದೆ ಪುಟ್ಟ ಕಾವಲಿ ಇಟ್ಟಂತೆ ಅನ್ನಿ. ಸೆಕೆಂಡಿಗೆ ಸಾವಿರಾರು ಸಲ ಅದು ಕಾಯುತ್ತದೆ, ಆರುತ್ತದೆ. ಪ್ರತಿ ಸಲವೂ ಒಂದು ಹನಿ. ಸುಮಾರು ಅದೇ ಸಮಯದಲ್ಲಿ ಅಮೆರಿಕದ ಎಚ್‌ಪಿ ಕಂಪನಿಯ ಜಾನ್ ವಾಟ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. 1984ರಲ್ಲಿ ಅವರ ಕಂಪನಿಯ ಥಿಂಕ್‌ಜೆಟ್ ಮಾರುಕಟ್ಟೆಗೆ ಬಂತು.

ಇನ್ನು ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿ. 1960ರ ಸುಮಾರಿಗೆ ಐಬಿಎಂ ಇಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಕಾರ್ಡಿಗೆ ಕಾಂತಪಟ್ಟಿ ಅಂಟಿಸಲು ಹೆಣಗುತ್ತಿದ್ದರು. ಯಾವ ಅಂಟೂ ಸರಿಹೋಗಲಿಲ್ಲ. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವರ ಹೆಂಡತಿ, ಇಸ್ತ್ರಿಪೆಟ್ಟಿಗೆಯಿಂದಲೇ ಒತ್ತಿ ನೋಡೋಣ ಎಂದರಂತೆ. ಪಟ್ಟಿ ಕೂತಿತು!

ಆದರೆ ಆ ಪಟ್ಟಿಯ ಬರಹ ಸ್ಲೇಟಿನ ಬರಹದಂತೆ. ಓದುವ ಯಂತ್ರವಿದ್ದ ಕಳ್ಳ ಅದನ್ನು ಇನ್ನೊಂದು ಕಾರ್ಡಿಗೆ ನಕಲು ಮಾಡಬಲ್ಲ. ಇದಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಇಂಡೆಕ್ ಮತ್ತು ಮಾರ್ಸೆಲ್ ಮುಲ್ಲರ್ ಒಂದು ಸೊಗಸಾದ ಉಪಾಯ ಕಂಡುಹಿಡಿದರು. ಹಿಡಿ ರಾಗಿಯನ್ನು ನೆಲಕ್ಕೆ ಎರಡು ಸಲ ಚೆಲ್ಲಿದರೆ ಒಂದೇ ಥರ ಬೀಳುವುದಿಲ್ಲ. ಪಟ್ಟಿಯೊಳಗಿನ ಕಾಂತಕಣಗಳೂ ಹಾಗೆಯೇ. ಅವುಗಳಿಂದ ಬರುವ ಗೊರಗೊರ ಸದ್ದನ್ನು ಇಂಜಿನಿಯರುಗಳು ಬೇಡದ ಕಸವೆಂದು ತೆಗೆಯಲು ನೋಡುತ್ತಿದ್ದರು. ಅದೇ ಪ್ರತಿ ಕಾರ್ಡಿನ ಬೆರಳಚ್ಚು ಎಂದು ಇವರು ತೋರಿಸಿದರು. ಬರಹವನ್ನು ನಕಲು ಮಾಡಬಹುದು, ಕಣಗಳ ಜೋಡಣೆಯನ್ನು ಮಾಡಲಾಗದು.

ಮುಂದೆ ಚಿಪ್ ಬಂತು. ಪ್ರತಿ ವ್ಯವಹಾರಕ್ಕೂ ಅದು ಹೊಸ ಸಂಕೇತ ಹುಟ್ಟಿಸುತ್ತದೆ. ಬರೀ ಪಟ್ಟಿಯ ಕಾರ್ಡುಗಳನ್ನು ಬದಲಿಸಲು ನಮ್ಮ ರಿಸರ್ವ್ ಬ್ಯಾಂಕ್ 2018ರ ಡಿಸೆಂಬರ್ 31ರ ಗಡುವು ಕೊಟ್ಟಿತ್ತು.

ಇಷ್ಟಾದರೂ ನನ್ನ ತಾಯಿ ಮೋಸಹೋದರು. ಎಟಿಎಂ ಮುಂದೆ ತಡವರಿಸುತ್ತಿದ್ದಾಗ "ಕೊಡಿ ಅಮ್ಮಾ" ಎಂದ ಅಪರಿಚಿತನ ಕೈಗೆ ಕಾರ್ಡನ್ನೂ ಕೊಟ್ಟು ಪಿನ್ನನ್ನೂ ಹೇಳಿದರು. ವಾಪಸ್ ಬಂದದ್ದು ಬೇರೆಯ ಕಾರ್ಡು. ಎರಡು ವರ್ಷದ ಅಡಿಕೆ ದುಡ್ಡು ಹೋಯಿತು. ದುಡ್ಡಿಗಿಂತ, "ನಾನು ಓದಿದವಳಲ್ಲವಲ್ಲ" ಎಂದು ಅವರು ಅತ್ತದ್ದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಓದಿದ ಮಗ ನಾನು, ಪಿನ್ ಯಾರಿಗೂ ಹೇಳಬಾರದೆಂದು ಕೂತು ತಿಳಿಸಿರಲಿಲ್ಲ.

ಮಕ್ಕಳೇ, ಇಂದು ಮನೆಗೆ ಹೋಗಿ ಅಜ್ಜ ಅಜ್ಜಿಯರಿಗೆ ಇದೊಂದನ್ನು ಹೇಳಿಕೊಡಿ. ಯಾವ ಬ್ಯಾಂಕಿನವರೂ ಪಿನ್ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ. ಗುರುಗಳೇ, ಪ್ರಯೋಗಾಲಯದಲ್ಲಿ ಯಾವುದಾದರೂ ಮಗು ಶಾಯಿ ಚೆಲ್ಲಿದರೆ, ಒರೆಸು ಎನ್ನುವ ಮೊದಲು ಏಕೆ ಚೆಲ್ಲಿತೆಂದು ಕೇಳೋಣ.