ಸಾಲ: ಒಂದು ಶಬ್ದದ ವಿಚಾರ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಗಳಿಂದ ತಾವು ಇಲ್ಲಿ ನೆರೆದಿರುವಿರಿ. ತಮ್ಮೆದುರು ನಾವು ಯಾವ ದೊಡ್ಡ ಶಾಸ್ತ್ರವನ್ನೂ ಹೇಳಬಂದವರಲ್ಲ. ಎರಡೇ ಅಕ್ಷರಗಳ ಒಂದು ಶಬ್ದವನ್ನು ಕುರಿತು ನಾಲ್ಕು ಮಾತುಗಳನ್ನಾಡುವವರಿದ್ದೇವೆ. ಆ ಶಬ್ದವು 'ಸಾಲ'. ಹೆಸರೆತ್ತಿದ ಕೂಡಲೆ ಕೆಲವರ ಮುಖಗಳು ಬಾಡಿದ್ದನ್ನು ಕಂಡೆವು. ಅಂಜುವ ಕಾರಣವಿಲ್ಲ, ವಕೀಲರಾದರೂ ನಾವು ಇಂದು ವಸೂಲಿಗೆ ಬಂದವರಲ್ಲ.

ಕನ್ನಡಿಗನಿಗೆ ಸಾಲವೆಂದರೆ ತೀರಿಸಬೇಕಾದ ಹಣ. ಇದರಲ್ಲಿ ಎರಡು ಮಾತಿಲ್ಲ. ಆದರೆ ಇದರ ನೆರೆಹೊರೆಯಲ್ಲಿಯೇ ಇದೇ ಮುಖದ ಬೇರೆ ಶಬ್ದಗಳು ಎಷ್ಟಿವೆಯೆಂಬುದನ್ನು ನೋಡಿರಿ. ಡೋಣಿಯ ದಂಡೆಯ ಎರೆಯಲ್ಲಿ ಒಕ್ಕಲಿಗನು ಕೂರಿಗೆಯನ್ನು ಹಿಡಿದು ಬಿಳಿಜೋಳ ಬಿತ್ತಿದರೆ ಬೀಳುವದು ಸಾಲು. ಬೆಳೆದದ್ದು ಮನೆಗೆ ಸಾಕಾಗದಿದ್ದರೆ ಅದು ಸಾಲದು. ಮಗನು ಪಾಟಿ-ಚೀಲ ಹಿಡಿದು ಹೋಗುವದು ಸಾಲಿಗೆ. ಒಂದೇ ಮನೆಯ ಒಂದು ದಿನದ ಮಾತಿನಲ್ಲಿ ಇವೆಲ್ಲವೂ ಬರುತ್ತವೆ; ಆದರೂ ಯಾರೂ ತಬ್ಬಿಬ್ಬಾಗುವದಿಲ್ಲ. 'ಸಾಲದ ಮಾತು' ಎಂದರೆ ಒಂದು, 'ಸಾಲಿನ ಕಾಳು' ಎಂದರೆ ಇನ್ನೊಂದು, 'ಸಾಲಿಯ ಫೀ' ಎಂದರೆ ಮತ್ತೊಂದು. ಶಬ್ದದ ಬಾಲಕ್ಕೆ ಹತ್ತಿದ ವಿಭಕ್ತಿ ಪ್ರತ್ಯಯವು ಬಾಗಿಲ ಕಾವಲುಗಾರನಂತೆ ನಿಂತು ಯಾರು ಯಾರೆಂಬುದನ್ನು ಗುರುತಿಸಿ ಒಳಗೆ ಬಿಡುತ್ತದೆ. ಈ ಕಾವಲುಗಾರನ ನೆನಪನ್ನು ತಾವು ಇಟ್ಟುಕೊಳ್ಳಬೇಕು. ಮುಂದೆ ಅವನಿಂದ ನಮಗೆ ಕೆಲಸವಿದೆ.

ಇನ್ನು ನಾಡಿನ ಹೊರಗೆ ಹೋಗೋಣ. ಸಂಸ್ಕೃತದಲ್ಲಿ ಸಾಲವೆಂಬುದು ಒಂದು ಮರ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯ ಮತ್ತು ಪೂರ್ವ ಭಾರತದಲ್ಲಿಯೂ ಅದರ ದೊಡ್ಡ ಕಾಡುಗಳಿವೆ. ಭಗವಾನ್ ಬುದ್ಧನು ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದ್ದು ಎರಡು ಸಾಲವೃಕ್ಷಗಳ ನಡುವೆಯೆಂದು ಬೌದ್ಧರು ಹೇಳುವರು. ನಮ್ಮ ಬಯಲುಸೀಮೆಯ ಮುದುಕನಿಗೆ 'ಬುದ್ಧನು ಸಾಲದ ನಡುವೆ ಪ್ರಾಣಬಿಟ್ಟನು' ಎಂದು ಹೇಳಿದರೆ ಅವನು ಏನು ತಿಳಿದುಕೊಂಡಾನು! 'ಪಾಪ, ಅರಸನ ಮಗನಿಗೂ ಬಿಡಲಿಲ್ಲವೇ' ಎಂದು ಮರುಗುವನು.

ಹಿಂದಿಯಲ್ಲಿ ದೀರ್ಘವೆಳೆದು 'ಸಾಲಾ' ಎಂದರೆ ಹೆಂಡತಿಯ ಸಹೋದರ. ಆ ಪಾಪದ ಸಂಬಂಧಿಕನ ಹೆಸರು ಬೈಗಳವೂ ಆಗಿ ಕುಳಿತಿದೆ. ಮರಾಠಿಯಲ್ಲಿ ಸಾಲವೆಂದರೆ ಹಣ್ಣಿನ ಸಿಪ್ಪೆ, ಮರದ ತೊಗಟೆ. ದೂರದ ಫಿನ್‌ಲಂಡದವರ ನುಡಿಯಲ್ಲಿ ಶಬ್ದದ ಮುಂದೆ 'ಸಲ' ಎಂದು ಸೇರಿಸಿದರೆ ಗುಟ್ಟಿನದು ಎಂದರ್ಥ. ಥೈಲಂಡದಲ್ಲಿ 'ಸಾಲಾ' ಎಂದರೆ ದಾರಿಹೋಕರು ದಣಿವಾರಿಸಿಕೊಳ್ಳುವ ತೆರೆದ ಮಂಟಪ. ಸ್ಪೇನ ಮತ್ತು ಇಟಲಿಯವರಿಗೆ 'ಸಾಲಾ' ಎಂದರೆ ಮನೆಯ ದೊಡ್ಡ ಕೋಣೆ. ಇವೆರಡೂ ಒಂದೇ ಮನೆತನದವೆಂದು ತೋರುವದು ಸಹಜ. ಆದರೆ ಥೈ ಜನರದು ನಮ್ಮ ಸಂಸ್ಕೃತದ ಶಾಲೆಯಿಂದ ಹೋದದ್ದು; ಸ್ಪೇನದವರದು ಜರ್ಮನ್ ಮೂಲದ ಬೇರೊಂದು ಶಬ್ದದಿಂದ ಬಂದದ್ದು. ಧ್ವನಿಯೂ ಕೂಡಿತು, ಅರ್ಥವೂ ಹತ್ತಿರವಾಯಿತು, ಹುಟ್ಟು ಮಾತ್ರ ಬೇರೆ. ನಮ್ಮ ಇಂಡಿ-ಸಿಂದಗಿಯ 'ಸಾಲಿ'ಗೇ ಆ ಥೈ ಮಂಟಪವು ನಿಜವಾದ ಒಡಹುಟ್ಟು. ಕೇಳಿದ್ದನ್ನು ಕೇಳಿದಷ್ಟಕ್ಕೇ ನಂಬಬಾರದೆಂಬುದನ್ನು ನ್ಯಾಯಾಲಯದಂತೆ ಶಬ್ದಕೋಶವೂ ಕಲಿಸುತ್ತದೆ. ಹೊಯ್ಸಳರ ಮೂಲಪುರುಷನಾದ ಸಳನನ್ನು ಮಾತ್ರ ಯಾರೂ ಈ ಗುಂಪಿಗೆ ಎಳೆದು ತರಬಾರದು. ಅವನದು ಹ್ರಸ್ವ, ಮೇಲಾಗಿ ಳಕಾರ.

ಇಷ್ಟು ವಿನೋದವಾಯಿತು. ಇನ್ನು ವಿನೋದವಲ್ಲದ ಒಂದು ಅರ್ಥವನ್ನು ಹೇಳಬೇಕಾಗಿದೆ.

ಫಾರಸಿಯಲ್ಲಿ ಸಾಲ್ ಎಂದರೆ ವರ್ಷ. ಆದಿಲಶಾಹಿಯ ದಫ್ತರಗಳಿಂದಲೂ ಪೇಶವೆಯವರ ದಫ್ತರಗಳಿಂದಲೂ ಈ ಶಬ್ದವು ಮರಾಠಿಯಲ್ಲಿ ನೆಲೆಯೂರಿ, ಅಲ್ಲಿಂದ ನಮ್ಮ ಕಂದಾಯದ ಕಾಗದಗಳಿಗೂ ಇಳಿಯಿತು. ಗತಸಾಲ, ಸಾಲಮಜಕೂರ, ಸಾಲಾಬಾದ ಮುಂತಾದ ಶಬ್ದಗಳನ್ನು ಹಳೆಯ ಕಾಗದಗಳನ್ನು ನೋಡಿದವರೆಲ್ಲರೂ ಬಲ್ಲರು. ಇಂದಿಗೂ ಸರಕಾರದವರು 'ಪ್ರಸಕ್ತ ಸಾಲಿನ ಮುಂಗಡಪತ್ರ' ಎಂದು ಬರೆಯುತ್ತಿಲ್ಲವೇ? ಅಲ್ಲಿಯ ಸಾಲು ಕೂರಿಗೆಯ ಸಾಲಲ್ಲ, ಅದು ಫಾರಸಿಯ ಸಾಲ್. ವ್ಯಂಜನದಲ್ಲಿ ನಿಲ್ಲುವ ಪರಶಬ್ದಕ್ಕೆ ಕನ್ನಡವು ಉಕಾರವನ್ನು ಹಚ್ಚಿ ತನ್ನದಾಗಿಸಿಕೊಳ್ಳುತ್ತದೆ. ಹೀಗೆ ಸಾಲ್ ಎಂಬುದು ಸಾಲು ಆಯಿತು. ವರ್ಷವು ಸಾಲಿನೊಡನೆ ಬೆರೆಯಿತೇ ಹೊರತು ಸಾಲದೊಡನೆ ಬೆರೆಯಲಿಲ್ಲ. 'ಈ ಸಾಲಿನಲ್ಲಿ ಸಾಲ ಮನ್ನಾ ಮಾಡಿರಿ' ಎಂದು ಒಕ್ಕಲಿಗನು ಕೂಗಿದರೆ ಎಳೆಯ ಮಗುವಿಗೂ ತಿಳಿಯುತ್ತದೆ. ಕನ್ನಡದ ಕೈಯಲ್ಲಿ ಇರುವ ತನಕ ಈ ಶಬ್ದದಿಂದ ಯಾರಿಗೂ ಅಪಾಯವಿಲ್ಲ.

ಆದರೆ ಕಾಗದವು ಕನ್ನಡದಲ್ಲಿರದಿದ್ದ ಕಾಲವೊಂದಿತ್ತು. ಮೋಡಿ ಲಿಪಿಯನ್ನು ನೋಡಿದವರು ಬಲ್ಲರು: ಪದಪದಗಳ ನಡುವೆ ಬಿಡುವಿಲ್ಲದೆ ಒಂದೇ ಗೆರೆಗೆ ಜೋತುಬಿದ್ದು ಓಡುವ ಬರಹವದು. ಭೀಮೆಯ ಈಚೆಯ ದಂಡೆಯ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಳ್ಳಿರಿ. ಮನೆಮಾತು ಕನ್ನಡ, ಅಕ್ಷರದ ಗಂಧವಿಲ್ಲ. ಬರಗಾಲದಲ್ಲಿ ಎತ್ತಿನ ಸಲುವಾಗಿ ನೂರು ರೂಪಾಯಿ ಎತ್ತುವನು. ಖತವು ಮರಾಠಿಯಲ್ಲಿ. ಬರೆದಾತನು ಓದಿ ಹೇಳುವನು: 'ದರಸಾಲ ೧೨ ರೂಪಾಯಿ'. ಮರಾಠಿಯಲ್ಲಿ ದರಸಾಲ ಎಂದರೆ ಪ್ರತಿವರ್ಷ. ಕನ್ನಡದ ಕಿವಿಗೆ ಕೇಳುವದೇನು? ದರ, ಸಾಲ, ಅಂದರೆ ಸಾಲಕ್ಕೆ ದರ ಹನ್ನೆರಡು ರೂಪಾಯಿ. ನೂರಕ್ಕೆ ಹನ್ನೆರಡು ಕೊಟ್ಟರೆ ತೀರಿತೆಂದು ಅವನು ಹೆಬ್ಬೆಟ್ಟು ಒತ್ತುವನು. ಐದು ವರ್ಷಗಳ ಮೇಲೆ, ಚಕ್ರಬಡ್ಡಿಯನ್ನು ಹಿಡಿಯದಿದ್ದರೂ, ಕಾಗದದ ಮೇರೆಗೆ ಅವನು ಕೊಡತಕ್ಕದ್ದು ನೂರಾಅರವತ್ತು. ಅವನ ಮನಸ್ಸಿನ ಮೇರೆಗೆ ನೂರಾಹನ್ನೆರಡು. ನಡುವಿನ ನಾಲ್ವತ್ತೆಂಟು ರೂಪಾಯಿಗಳನ್ನು ತಿಂದದ್ದು ಯಾವುದು? ಸಾವಕಾರನು ಸುಳ್ಳು ಹೇಳಲಿಲ್ಲ. ಬರೆದವನು ಕೂಟಲೇಖ ಮಾಡಲಿಲ್ಲ. ಓದಿಯೂ ಹೇಳಿದರು, ಇವನು ಕೇಳಿಯೂ ಕೇಳಿದನು. ನಾವು ಮೊದಲು ಹೇಳಿದ ಕಾವಲುಗಾರನು ಮಾತ್ರ ಆ ಕಾಗದದಲ್ಲಿ ಇರಲಿಲ್ಲ.

ಇದು ಕಲ್ಪನೆಯ ಕಾಗದವೆಂದು ನಾವು ಮೊದಲೇ ಹೇಳಿದ್ದೇವೆ. ಆದರೆ ಓದಲು ಬಾರದ ಖತಗಳು ಎಂಥ ಕಿಚ್ಚನ್ನು ಹಚ್ಚಿದವೆಂಬುದು ಕಲ್ಪನೆಯಲ್ಲ. ೧೮೭೫ನೆಯ ಇಸವಿಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ಒಕ್ಕಲಿಗರು ಎದ್ದರು. ಅಹಮದನಗರ ಜಿಲ್ಲೆಗೂ ಅದು ಹಬ್ಬಿತು. ಅವರು ಮುಖ್ಯವಾಗಿ ಮಾಡಿದ್ದು ಸಾವಕಾರರ ಮನೆಗಳಲ್ಲಿಯ ಖತಗಳನ್ನು ಹೊರಗೆಳೆದು ಸುಟ್ಟದ್ದು. ಅದರ ಬೆನ್ನಿಗೇ ೧೮೭೬-೭೮ರ ಭೀಕರ ಬರ ಬಂದು ನಮ್ಮ ಈ ಸೀಮೆಯನ್ನೂ ಬರಿದು ಮಾಡಿತು. ೧೮೭೯ರಲ್ಲಿ ಮುಂಬಯಿ ಇಲಾಖೆಗೆ ದಖ್ಖನದ ಒಕ್ಕಲಿಗರ ಪರಿಹಾರದ ಕಾಯಿದೆ ಬಂದಿತು. ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕೇ ಜಿಲ್ಲೆಗಳಿಗಿದ್ದಿತು. ಖತದಲ್ಲಿ ಬರೆದಷ್ಟನ್ನೇ ನೋಡದೆ, ವ್ಯವಹಾರದ ಹುಟ್ಟಿನಿಂದ ಹಿಡಿದು ಇತಿಹಾಸವನ್ನು ಕೆದಕಿ ನೋಡುವ ಅಧಿಕಾರವನ್ನು ಅದು ನ್ಯಾಯಾಧೀಶನಿಗೆ ಕೊಟ್ಟಿತು. ಪರದೇಶದ ಸರಕಾರವಾದರೂ ಇದೊಂದು ಒಳ್ಳೆಯ ಕೆಲಸವೆಂದು ಒಪ್ಪಲೇಬೇಕು. ಕಿಚ್ಚು ಹತ್ತಿದ ಮೇಲೆ ತೋಡಿದ ಬಾವಿಯೆಂಬ ಮಾತು ಬೇರೆ.

ಅದಕ್ಕೂ ಮೊದಲು ೧೮೭೨ರ ಸಾಕ್ಷ್ಯದ ಕಾಯಿದೆಯಲ್ಲಿ ೯೮ನೆಯ ಕಲಮು ಇದ್ದಿತು. ದಸ್ತೈವಜಿನಲ್ಲಿ ಓದಲಾಗದ ಅಕ್ಷರ, ಪರಕೀಯ ಶಬ್ದ, ಬಳಕೆ ತಪ್ಪಿದ ಶಬ್ದ, ಒಂದು ಸೀಮೆಗಷ್ಟೇ ಸಲ್ಲುವ ಶಬ್ದ ಇವುಗಳ ಅರ್ಥವನ್ನು ತೋರಿಸಲು ಸಾಕ್ಷ್ಯ ಕೊಡಬಹುದೆಂದು ಅದರ ತಾತ್ಪರ್ಯ. ೨೦೨೩ರ ಹೊಸ ಸಾಕ್ಷ್ಯ ಕಾಯಿದೆಯಲ್ಲಿಯೂ ಈ ನಿಯಮವು ಉಳಿದುಬಂದಿದೆ. ನಾವು ವಕೀಲರು ಇಂಥ ಕಲಮುಗಳನ್ನು ಕಂಡರೆ ಹಿಗ್ಗುವವರು. ಆದರೆ ಮನೆಯ ಹೆಣ್ಣುಮಕ್ಕಳ ಬಂಗಾರವನ್ನು ಮಾರಿ, ಕೋರ್ಟಿನ ಕಟ್ಟೆ ಹತ್ತಿ, ಸಾಕ್ಷಿದಾರರನ್ನು ತಂದು ನಿಲ್ಲಿಸಿ 'ಸಾಲ ಎಂದರೆ ನನಗೆ ವರ್ಷವೆಂದು ತಿಳಿದಿರಲಿಲ್ಲ' ಎಂದು ರುಜುವಾತು ಮಾಡುವದರೊಳಗೆ ಹೊಲವು ಉಳಿದೀತೇ?

ಇದನ್ನು ಮೊದಲೇ ಕಂಡವರು ನಮ್ಮಲ್ಲಿದ್ದರು. ಈ ಭಾಗದಲ್ಲಿ ಮರಾಠಿ ಸಾಲಿಗಳೇ ಬೇರೂರಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳನ್ನು ತೆರೆಯಿಸಲು ಜೀವ ತೇದರು. ೧೮೮೧ರಲ್ಲಿ, ಇನ್ನೂ ಐವತ್ತು ದಾಟುವ ಮೊದಲೇ, ತೀರಿಕೊಂಡರು. ೧೮೯೦ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿತು. ಸಾಲಿ ಕನ್ನಡವಾದರೆ ಸಾಲದ ಕಾಗದವೂ ಕನ್ನಡವಾದೀತು. ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಹಟ ಹಿಡಿದದ್ದು ಬರೇ ಹಳೆಯ ವೈಭವದ ಹಂಬಲದಿಂದಲ್ಲ. ಕಚೇರಿಯ ಮೇಜಿನ ಮೇಲೆ ತಮ್ಮ ಮಾತು ಇರಬೇಕೆಂಬ ಹೊಟ್ಟೆಪಾಡಿನ ಲೆಕ್ಕವೂ ಅದರಲ್ಲಿತ್ತು. ಬಾಗೇವಾಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಊರಿನ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಮಂಗಳವಾಡದಲ್ಲಿ ಕರಣಿಕರಾಗಿ ಬಿಜ್ಜಳನ ಲೆಕ್ಕ ಬರೆದರೆಂದು ಪರಂಪರೆಯು ಹೇಳುತ್ತದೆ. ಆ ಮಂಗಳವಾಡವು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ.

೧೯೫೬ನೆಯ ನವೆಂಬರ ೧ರಂದು ಈ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ೨೦೧೪ರಲ್ಲಿ ಜಿಲ್ಲೆಗೆ ವಿಜಯಪುರವೆಂಬ ಹೆಸರು ಬಂದವು. ಪಹಣಿ ಕನ್ನಡದಲ್ಲಿದೆ, ಖರೀದಿಪತ್ರವನ್ನು ಕನ್ನಡದಲ್ಲಿ ಬರೆಯಿಸಬಹುದು. ಹಾಗಾದರೆ ದರಸಾಲದ ಕಥೆ ಮುಗಿಯಿತೇ? ತಮ್ಮಲ್ಲಿ ಯಾರು ಯಾರು ಬ್ಯಾಂಕಿನಲ್ಲಿ ಸಾಲ ತೆಗೆದಿರುವಿರೋ ಅವರು ನೆನಪು ಮಾಡಿಕೊಳ್ಳಿರಿ. ಎಷ್ಟು ಪುಟಗಳಿಗೆ ಸಹಿ ಮಾಡಿದಿರಿ? ಅವು ಯಾವ ಭಾಷೆಯಲ್ಲಿದ್ದವು? ಮೋಡಿ ಹೋಯಿತು, ಇಂಗ್ಲೀಷು ಬಂದಿತು. ಮರಾಠಿಯ ದರಸಾಲದಲ್ಲಿ ಕಿವಿಗೆ ಒಂದು ಅರ್ಥವಾದರೂ ಕೇಳುತ್ತಿತ್ತು, ತಪ್ಪಾದರೂ ಅಡ್ಡಿಯಿಲ್ಲ. ಈಗಿನ ಕಾಗದದಲ್ಲಿ ಅದೂ ಇಲ್ಲ. ಮೊಬೈಲಿನಲ್ಲಿ ಸಾಲ ಕೊಡುವವರಂತೂ 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತಿಸಿಯೇ ಮುಗಿಸುತ್ತಾರೆ. ಹೆಬ್ಬೆಟ್ಟು ಅದೇ, ಮಸಿ ಮಾತ್ರ ಇಲ್ಲ.

ಆದುದರಿಂದ ಎರಡು ಸಂಗತಿಗಳನ್ನು ತಾವು ಗಂಟು ಹಾಕಿಕೊಂಡು ಹೋಗಬೇಕು. ಹೆಣ್ಣುಮಕ್ಕಳ ಗುಂಪುಗಳಿಗೆ ಕೊಡುವಂಥ ಕಿರುಸಾಲಗಳ ಕರಾರುಪತ್ರವು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಜರ್ವ ಬ್ಯಾಂಕು ೨೦೨೨ರಲ್ಲಿ ವಿಧಿಸಿದೆ. ೨೦೨೪ನೆಯ ಅಕ್ಟೋಬರ ೧ರಿಂದ ಜನಸಾಮಾನ್ಯರಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಹೊಸ ಅವಧಿ ಸಾಲಗಳಿಗೆ ಮುಖ್ಯ ಸಂಗತಿಗಳ ಒಂದು ಪತ್ರಿಕೆಯನ್ನು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕೊಟ್ಟು ವಿವರಿಸತಕ್ಕದ್ದೆಂದು ಇನ್ನೊಂದು ಆಜ್ಞೆ. ಆ ಪತ್ರಿಕೆಯಲ್ಲಿ ವಾರ್ಷಿಕ ಶೇಕಡಾ ದರವೆಂಬ ಒಂದು ಅಂಕಿ ಇರುತ್ತದೆ. ಬಡ್ಡಿಯಷ್ಟೇ ಅಲ್ಲ, ಅವರು ಕತ್ತರಿಸಿಕೊಳ್ಳುವ ಫೀ, ವಿಮೆಯ ಖರ್ಚು ಎಲ್ಲವನ್ನೂ ಕೂಡಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆಂಬುದನ್ನು ಅದು ತೋರಿಸತಕ್ಕದ್ದು. ಹಳೆಯ ಖತದ ಆ 'ದರಸಾಲ'ವೇ ಇದು. ಈ ಸಲ ಕನ್ನಡದಲ್ಲಿ ಕೇಳಿ ಪಡೆಯುವ ಹಕ್ಕಿನೊಡನೆ ಬಂದಿದೆ. ಕೇಳದಿದ್ದರೆ ಯಾರೂ ತಾವಾಗಿ ಮನೆಗೆ ತಂದು ಕೊಡಲಿಕ್ಕಿಲ್ಲ. ಸಹಿಗೆ ಮೊದಲು ಕೇಳಿರಿ, ಸಹಿಯಾದ ಮೇಲೆ ನಮ್ಮ ಹತ್ತಿರ ಬಂದರೆ ನಾವು ೯೮ನೆಯ ಕಲಮಿನ ಕಥೆಯನ್ನೇ ಹೇಳಬೇಕಾದೀತು.

ಮರಾಠಿಯ ಮೇಲಾಗಲಿ ಇಂಗ್ಲೀಷಿನ ಮೇಲಾಗಲಿ ನಮಗೆ ಮುನಿಸಿಲ್ಲ. ಗಡಿಯ ಈಚೆಗೆ ನೆಲೆಸಿದ ಮರಾಠಿ ಕುಟುಂಬದವನ ಮುಂದೆ ನಮ್ಮ ಕನ್ನಡದ ಕಾಗದವನ್ನು ಓದಿದರೆ 'ಸಾಲ' ಎಂಬಲ್ಲಿ ಅವನು ವರ್ಷವನ್ನು ಕಂಡಾನು. ಅವನಿಗೂ ಅವನ ಮಾತಿನಲ್ಲಿಯೇ ತಿಳಿಸಿ ಹೇಳತಕ್ಕದ್ದು ನ್ಯಾಯ. ಇದೇ ನ್ಯಾಯವನ್ನು ಅಕ್ಕಲಕೋಟೆ, ಜತ್ತದಲ್ಲಿಯ ನಮ್ಮವರ ಸಲುವಾಗಿಯೂ ನಾವು ಕೇಳುತ್ತೇವೆ.

ಕೊನೆಗೆ ಒಂದು ಬಿನ್ನಹ. ತಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ, ನಾಗಂದಿಗೆಯ ಮೇಲೆ, ಮೋಡಿಯ ಖತಗಳು ಇನ್ನೂ ಇದ್ದಾವು. ಒಲೆಗೆ ಹಾಕಬೇಡಿರಿ. ಅವುಗಳನ್ನು ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತಂದು ತೋರಿಸಿದರೆ ಓದಬಲ್ಲವರನ್ನು ಹುಡುಕಿ ಓದಿಸಿ, ಕನ್ನಡದಲ್ಲಿ ಬರೆಯಿಸಿ, ಮೂಲವನ್ನು ತಮ್ಮ ಕೈಗೇ ಮರಳಿ ಕೊಡುವೆವು. ನಿಮ್ಮ ಅಜ್ಜನು ಯಾವ ಸಾಲಿನಲ್ಲಿ ಎಷ್ಟು ಸಾಲ ಎತ್ತಿದ್ದನೆಂಬುದು ಅಷ್ಟರಿಂದಲಾದರೂ ತಿಳಿಯಲಿ.